ಕೊನೆಯ ಸುತ್ತಿನ ಗಂಟೆ

ಜನವರಿಯ ಆ ಭಾನುವಾರ ಬೆಳಿಗ್ಗೆ ಚಂದಾಪುರದ ಮೇಲೆ ಮಂಜು ಮುಸುಕು ಹೊದ್ದು ಮಲಗಿತ್ತು. ಹಿಂದಿನ ಸಂಜೆ ಕಾಲ ತಪ್ಪಿ ಬಂದ ಮಳೆ ಕೆರೆಯಂಗಳವನ್ನು ರಾಗಿ ಅಂಬಲಿಯ ಹದಕ್ಕೆ ಕಲಸಿಟ್ಟು ಹೋಗಿತ್ತು. ಹೊಸೂರು ರಸ್ತೆಯ ಲಾರಿಗಳು ಕಾಣಿಸುತ್ತಿರಲಿಲ್ಲ, ಹಾರ್ನ್ ಮಾತ್ರ ಕೇಳುತ್ತಿತ್ತು. ಇಂಥ ಬೆಳಗಿನಲ್ಲಿ ಬುದ್ಧಿ ಇರುವವರು ಕಂಬಳಿ ಬಿಟ್ಟು ಏಳುವುದಿಲ್ಲ. ಯಮನೂರ ಎದ್ದಿದ್ದ. ಎದ್ದು, ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಸೈಕಲ್ಲಿನ ಹ್ಯಾಂಡಲ್ಲಿಗೂ ಒಂದು ಬೆರಳು ಹಚ್ಚಿ, "ಇದೊಂದ್ ಸಲ ದಂಡಿ ಮುಟ್ಟಸಪಾ ಶಿವನ" ಎಂದು ಕೈಮುಗಿದಿದ್ದ.

ಅಂದಿನ ರಾಮಾಯಣಕ್ಕೆಲ್ಲ ಮೂಲ ಒಂದು ಹಿತ್ತಾಳೆ ಗಂಟೆ. ಅದನ್ನು ಪಂದ್ಯಕ್ಕೆ ತಂದುಕೊಟ್ಟವನು ಸ್ವತಃ ಯಮನೂರನೇ.

ಯಮನೂರ ಅಲ್ಲಿನ ಅಗ್ನಿಶಾಮಕ ಠಾಣೆಯಲ್ಲಿ ಕೆಲಸದವನು. ಊರು ಕೊಪ್ಪಳದ ಕಡೆ. ಬೆಂಕಿಗೆ ಹೆದರದ ಈ ಆಳಿಗೆ ಈ ಚಳಿಗಾಲದಲ್ಲಿ ಸೈಕ್ಲೋಕ್ರಾಸ್ ಎಂಬುದು ಗಂಟುಬಿದ್ದಿತ್ತು. ಕೆಸರು, ದಿಬ್ಬ, ಅಡ್ಡಹಲಗೆಗಳ ನಡುವೆ ಸುತ್ತು ಹೊಡೆಯುವ ಸೈಕಲ್ ಪಂದ್ಯ ಅದು. ತುಳಿಯಲಾಗದ ಕಡೆ ಸೈಕಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಓಡಬೇಕು. ಹೊರಗಿನವರು ಯಾರೂ ಕೈ ಹಚ್ಚಬಾರದು. ನಡೆಸುವವನು ಪ್ರಸನ್ನ, ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಮ್ಯಾನೇಜರು. ಗುರಿ ಮುಟ್ಟಿದವನು ಯಾರ ನೆನಪಿಗಾಗಿ ಓಡಿದನೋ ಅವರ ಹೆಸರನ್ನು ಮೈಕಿನಲ್ಲಿ ಕೂಗುವುದು ಪ್ರಸನ್ನನ ಪದ್ಧತಿ. ಗುರಿ ಮುಟ್ಟದವನಿಗೆ ಆ ಭಾಗ್ಯವಿಲ್ಲ.

ಯಮನೂರ ಸೇರಿದ್ದೇ ಆ ಕೂಗಿಗಾಗಿ. ಜೀವ ಉಳಿಸಲು ಹೋಗಿ ಜೀವ ಬಿಟ್ಟ ತನ್ನ ಠಾಣೆಯವರ ಹೆಸರನ್ನು ವರ್ಷಕ್ಕೊಮ್ಮೆ ಠಾಣೆಯ ಗೋಡೆಗಳಷ್ಟೇ ಕೇಳುತ್ತಿದ್ದವು. ಊರಿನ ಜನ ಕೇಳಲಿ ಎಂಬುದು ಅವನ ಹರಕೆ. ಮೊದಲ ಪಂದ್ಯಕ್ಕೆ ಮರೆಪ್ಪನ ಹೆಸರನ್ನು ಬೆನ್ನಿಗೆ ಬರೆಸಿಕೊಂಡ, ಚೈನು ಕಡಿಯಿತು. ಎರಡನೆಯದಕ್ಕೆ ಗುರುರಾಜನ ಹೆಸರನ್ನೂ ಸೇರಿಸಿಕೊಂಡ. ಅವನ ಎದೆಯ ಮೇಲಿನ 'ಅಗ್ನಿಶಾಮಕ' ಎಂಬ ಅಕ್ಷರ ಓದಿದ ಮುದುಕಿಯೊಬ್ಬಳು ಪಂದ್ಯದ ನಡುವೆಯೇ ಅಡ್ಡಗಟ್ಟಿ, ಹುಣಸೆ ಮರದಿಂದ ತನ್ನ ಬೆಕ್ಕನ್ನು ಇಳಿಸಿಕೊಡುವ ತನಕ ಬಿಡಲಿಲ್ಲ. ಮೂರನೆಯದರಲ್ಲಿ ಒಂದು ಸುತ್ತು ಹಿಂದೆ ಬಿದ್ದು, ನಿಯಮದಂತೆ ಹೊರಬಿದ್ದ. ಇದು ಈ ಸಲದ ಕೊನೆಯ ಪಂದ್ಯ. ಚನಬಸಪ್ಪನವರ ಹೆಸರೂ ಸೇರಿ ಅವನ ಬೆನ್ನು ಈಗ ಮದುವೆ ಕಾಗದದ ಕೆಳಗಿನ 'ಸುಖಾಗಮನ ಬಯಸುವವರು' ಪಟ್ಟಿಯಂತಾಗಿತ್ತು.

ಚನಬಸಪ್ಪ ಅವನಿಗೆ ಕೆಲಸ ಕಲಿಸಿದವರು. ಅತ್ತಿಬೆಲೆ ಕಡೆಯ ಗೋದಾಮೊಂದರ ಬೆಂಕಿಯಲ್ಲಿ ಇಬ್ಬರನ್ನು ಹೊರಗೆ ತಂದು, ಮತ್ತೊಬ್ಬನಿಗಾಗಿ ಒಳಗೆ ಹೋದವರು ಮರಳಲಿಲ್ಲ. ಅವರ ಹೆಂಡತಿ ಕಮಲಮ್ಮ ಇವತ್ತು ಗಂಡನ ಹೆಸರು ಕೇಳಲೆಂದೇ ಬಂದು, ಗುರಿಯ ಕಮಾನಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

"ಯಮನೂರ, ಒಂದ್ ಮಾತ್ ಹೇಳ್ಲೇನು?" ಎಂದರು ಕಮಲಮ್ಮ. "ಅವರಿಗೆ ಸೈಕಲ್ ಹೊಡ್ಯಾಕ ಬರ್ತಿರ್ಲಿಲ್ಲಪಾ. ಕಲಿಯಾಕ ಹೋಗಿ ತಿಪ್ಪ್ಯಾಗ ಬಿದ್ದಿದ್ರು."

"ನನಗೂ ಬರಾಂಗಿಲ್ರಿ ಅಕ್ಕಾರ. ಅದಕ್ಕ ಹೊತಗೊಂಡು ಓಡೂದ್ ಹುಡಿಕೇನಿ."

ದಂಡೆಯಲ್ಲಿ ಟೀ ಗಾಡಿ ಇಟ್ಟುಕೊಂಡಿದ್ದ ಮಾರಕ್ಕನ ಬಾಯಿ ಸುಮ್ಮನಿರುವುದಲ್ಲ. "ಒತ್ಕೊಂಡ್ ಓಡಾಕೆ ಸೈಕಲ್ ಯಾಕಪ್ಪ ಬೇಕು? ನಮ್ಮಟ್ಟೀಲಿ ಬೂಸಾ ಮೂಟೆ ಅವೆ, ಬಾ ಕೊಡ್ತೀನಿ. ಪುಣ್ಯಾನಾದ್ರೂ ಬರ್ತದೆ!"

ಗಂಟೆಯ ವಿಷಯ ಇಷ್ಟೆ. ಕೊನೆಯ ಸುತ್ತಿಗೆ ಬಂದವನಿಗೆ ಗಂಟೆ ಬಾರಿಸುವುದು ಈ ಪಂದ್ಯದ ರೂಢಿ. ಪ್ರಸನ್ನ ಮೊಬೈಲಿನಲ್ಲಿ ಗಂಟೆಯ ಸದ್ದು ಹಾಕುತ್ತಿದ್ದ. ಯಮನೂರನಿಗೆ ಅದು ಸರಿಬೀಳಲಿಲ್ಲ. ಠಾಣಾಧಿಕಾರಿ ಇರಣ್ಣನವರಲ್ಲಿ ಅರ್ಧ ದಿನದ ರಜೆಯ ಜೊತೆಗೆ ಉಗ್ರಾಣದ ಹಳೆಯ ಗಂಟೆಯನ್ನೂ ಕೇಳಿ ತಂದಿದ್ದ. ಸತ್ತವರೆಲ್ಲ ಎದ್ದು ಓಡುತ್ತಿದ್ದುದು ಆ ಗಂಟೆಗೇ ತಾನೆ, ಇವತ್ತು ಅವರಿಗಾಗಿ ಬಾರಿಸಲಿ ಎಂದು. ತಾನೂ ಅದೇ ಗಂಟೆಗೆ ಓಡಿ ಕಲಿತವನು ಎಂಬುದು ಮಾತ್ರ ಅವನ ನೆನಪಿಗೆ ಬಂದಿರಲಿಲ್ಲ.

ಕೆರೆಯಂಗಳದಲ್ಲಿ ಪಂದ್ಯ ಶುರುವಾಯಿತು. ಅಚ್ಚರಿಯೆಂದರೆ ಯಮನೂರ ಬೀಳಲಿಲ್ಲ. ಬಿದ್ದರೂ ಎದ್ದ. ಕೆಸರು ಮೊಣಕಾಲು ದಾಟಿ, ಸೊಂಟ ದಾಟಿ, ಮೀಸೆಗೆ ಬಂತು. ಚೈನು ಕಡಿಯಲಿಲ್ಲ, ಬೆಕ್ಕು ಕರೆಯಲಿಲ್ಲ. ಸುತ್ತಿನ ಮೇಲೆ ಸುತ್ತು ಹೋಗಿ ಅವನು ಕಮಾನಿನ ಮುಂದೆ ಬಂದಾಗ ಪ್ರಸನ್ನ ಖುಷಿಯಿಂದ ಗಂಟೆಯ ಹಗ್ಗ ಹಿಡಿದು ಜಗ್ಗಿದ. "ಸೂಪರ್ ಸರ್! ಲಾಸ್ಟ್ ಲ್ಯಾಪ್!"

ಠಣ್ ಠಣ್ ಠಣ್ ಠಣ್!

ತಲೆಗೆ ಕೇಳುವ ಮೊದಲೇ ಅದು ಯಮನೂರನ ಕಾಲಿಗೆ ಕೇಳಿತು. ಠಾಣೆಯಲ್ಲಿ ಊಟದ ತಟ್ಟೆಯ ಮುಂದಿರಲಿ, ಸ್ನಾನದ ನಡುವೆ ಇರಲಿ, ಆ ಸದ್ದಿಗೆ ಎದ್ದು ಓಡಿ ಗಾಡಿ ಹತ್ತಿದ ಕಾಲುಗಳು ಅವು. ಅವಕ್ಕೆ ಪಂದ್ಯ ಗೊತ್ತಿಲ್ಲ. ಸೈಕಲ್ಲನ್ನು ಹೆಗಲಿಗೇರಿಸಿ, ಪಂದ್ಯದ ದಾರಿಯ ಅಂಚಿಗೆ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ನುಸುಳಿ, ಯಮನೂರ ಬಾಣದಂತೆ ರಸ್ತೆಗೆ ಓಡಿದ. ಗಾಡಿ ನಿಂತಿರಬೇಕಾದ ಜಾಗಕ್ಕೆ ಹೋಗಿ, ಹೆಲ್ಮೆಟ್ಟು ಇರಬೇಕಾದ ಕಡೆ ಕೈ ಚಾಚಿದ. ಕೈಗೆ ಒಂದು ಎಳನೀರು ಬಂತು.

"ನೀರಾ, ಗಂಜಿನಾ ಅಣ್ಣ?" ಎಂದ ಎಳನೀರಿನವನು ಮಚ್ಚು ಎತ್ತಿ.

ಆಗ ಯಮನೂರನಿಗೆ ಎಚ್ಚರವಾಯಿತು. ಆದರೆ ಅಷ್ಟರಲ್ಲಿ ಮಾರಕ್ಕನಿಗೂ ಎಚ್ಚರವಾಗಿತ್ತು.

"ಅಯ್ಯೋ! ಬೆಂಕಿ ಆಪೀಸ್ನೋನೇ ಓಡ್ತಾವ್ನಲ್ರೋ! ಗಂಟೆ ಬೇರೆ ಒಡೀತಾವ್ರೆ! ಎಲ್ಲೋ ಏನೋ ಅತ್ಕೊಂಡೈತೆ, ಎದ್ದೇಳ್ರೋ!" ಅವಳು ಸ್ಟವ್ ಆರಿಸಿ, ಟೀ ಪಾತ್ರೆ ಎತ್ತಿಕೊಂಡು ಓಡಿದಳು. ಟೀ ಕುಡಿಯುತ್ತಿದ್ದ ಕಾರ್ಖಾನೆಯ ಹುಡುಗರು ಲೋಟ ಹಿಡಿದೇ ಅವಳ ಹಿಂದೆ ಓಡಿದರು. ಒಬ್ಬ ಓಡುತ್ತಲೇ ಫೋನು ಮಾಡಿದ.

"ಎಲ್ಲಣ್ಣ ಬೆಂಕಿ?" ಎಂದು ಹತ್ತು ಜನ ಯಮನೂರನನ್ನು ಮುತ್ತಿಕೊಂಡರು.

"ಬೆಂಕಿ ಇಲ್ಲ! ಎಲ್ಲೂ ಇಲ್ಲ!"

"ಇಲ್ಲ ಅಂತಾನೆ ಮಗಾ. ಅಂದ್ರೆ ಗ್ಯಾಸು! ಗ್ಯಾಸ್ ಕಣ್ಣಿಗ್ ಕಾಣಲ್ಲ!"

"ಪಾಪ, ಸೈಕಲ್ ಕೊಡಿ ಅಣ್ಣ, ನಾ ಹಿಡ್ಕೋತೀನಿ," ಎಂದು ಒಬ್ಬ ಪುಣ್ಯಾತ್ಮ ಕೈ ಹಾಕಿದ. ಹೊರಗಿನವನ ಕೈ ಬಿದ್ದರೆ ಪಂದ್ಯವೇ ಹೋಯಿತು! ಯಮನೂರ ಕಿರುಚಿದ: "ಮುಟ್ಟಬ್ಯಾಡ್ರೀ! ಯಾರೂ ಮುಟ್ಟಬ್ಯಾಡ್ರೀ! ದೂರ ಸರೀರಿ!"

"ಮುಟ್ಬಾರ್ದಂತೆ! ಕರೆಂಟೂ ಐತೆ!" ಎಂದು ಸುದ್ದಿ ಹಿಂದಕ್ಕೆ ಹೋಯಿತು.

ಪಟ್ಟಿಯಿಂದ ಎಲ್ಲಿ ಹೊರಬಿದ್ದನೋ ಅಲ್ಲಿಂದಲೇ ಒಳಗೆ ಹೋಗಬೇಕೆಂಬುದು ನಿಯಮ. ಯಮನೂರ ತಿರುಗಿ ಕೆರೆಯತ್ತ ಓಡಿದ. ಜನವೂ ತಿರುಗಿತು. "ಗಾಳಿ ಈ ಕಡೆ ತಿರುಗೈತೆ! ಅವನ್ ಹಿಂದೇನೇ ಓಡ್ರೋ, ಅವನಿಗೆ ಗೊತ್ತಿರ್ತದೆ!" ಎಂದಳು ಮಾರಕ್ಕ. ಎದುರಿನ ಅಪಾರ್ಟ್‌ಮೆಂಟಿನವರು ಬಾಲ್ಕನಿಗಳಿಂದ ಇದನ್ನು ನೋಡಿದರು. ನೋಡಿದವರು ನೋಡಿದಂತೆಯೇ ಇಳಿದು ಬಂದರು. ಒಬ್ಬರ ಕೈಯಲ್ಲಿ ಕೂಗಬೇಕಿದ್ದ ಕುಕ್ಕರು, ಒಬ್ಬರ ಎದೆಗೆ ಮೀನಿನ ತೊಟ್ಟಿ, ಮುಖಕ್ಕೆ ಅರ್ಧ ಸಾಬೂನು ಹಚ್ಚಿಕೊಂಡಿದ್ದ ಒಬ್ಬರ ಕಿವಿಯಲ್ಲಿ ಭಾನುವಾರದ ಮೀಟಿಂಗು. "ಕೇಳಿಸ್ತಿದೆ ಸರ್, ಕೇಳಿಸ್ತಿದೆ, ಸ್ವಲ್ಪ ಜೀವ ಉಳಿಸ್ಕೊಂಡು ಬರ್ತೀನಿ," ಎನ್ನುತ್ತಿದ್ದರು ಅವರು.

ಯಮನೂರ ಪಟ್ಟಿಯೊಳಗೆ ನುಗ್ಗಿದ. ದಿಬ್ಬ ಹತ್ತಿದ, ಹಲಗೆ ಹಾರಿದ. ಅವನ ಪಕ್ಕಕ್ಕೆ, ಪಟ್ಟಿಯ ಆಚೆ, ಇಡೀ ಬಡಾವಣೆ ಜೊತೆಗೇ ಸುತ್ತು ಹೊಡೆಯಿತು. ಕೊನೆಯ ತಿರುವು ಮುಗಿದು ಕಮಾನು ಕಂಡಿತು. ಕಮಲಮ್ಮ ಕುರ್ಚಿಯ ತುದಿಗೆ ಸರಿದು ಕೂತಿದ್ದರು.

"ಬನ್ನಿ ಸರ್, ಬನ್ನಿ! ಹೆಸರು ರೆಡಿ ಇದೆ!" ಪ್ರಸನ್ನ ಮೈಕು ಬಾಯಿಗಿಟ್ಟುಕೊಂಡ.

ಅಷ್ಟರಲ್ಲಿ ಮಂಜನ್ನು ಸೀಳಿಕೊಂಡು, ಸೈರನ್ನು ಕೂಗಿಕೊಂಡು, ಯಮನೂರನ ಠಾಣೆಯದೇ ಕೆಂಪು ಗಾಡಿ ಬಂದು ಕಮಾನಿನ ಪಕ್ಕ ನಿಂತಿತು. ಇರಣ್ಣನವರು ಧುಮುಕಿದರು. ಹಿಂದೆ ಸಿಬ್ಬಂದಿ ಧುಮುಕಿತು. ಗಾಡಿ ಹೋದ ಜಾಗದಲ್ಲಿ ಮೊದಲು ಹಾಜರಿ, ಆಮೇಲೆ ಕೆಲಸ. ಒಳಗೆ ಹೋಗುವವರು ಯಾರು, ಹೊರಗೆ ಬರಬೇಕಾದವರು ಯಾರು ಎಂಬುದು ತಿಳಿದಿರಬೇಕು ಎನ್ನುವುದು ಇರಣ್ಣನವರ ಕಟ್ಟಳೆ. ಹೆಸರುಗಳ ಪಟ್ಟಿ ಅವರಿಗೆ ಬಾಯಿಪಾಠ. ಅವರು ಮಂಜಿನತ್ತ ನೋಡುತ್ತಲೇ ಕೂಗಿದರು.

"ಬಸಲಿಂಗ!"

"ಹಾಜರ್ ಸಾರ್!"

"ಯಮನೂರ!"

ರೂಢಿಯ ಮೇಲೆ ಬಾಯಿಗೆ ಬಂದ ಹೆಸರು ಅದು. ಗುರಿಯ ಗೆರೆ ಕೈಯಳತೆಯಲ್ಲಿತ್ತು. ಯಮನೂರನ ಕಾಲುಗಳು ಗಕ್ಕನೆ ನಿಂತವು, ಹಿಮ್ಮಡಿಗಳು ಕೂಡಿದವು, ಎದೆ ಸೆಟೆಯಿತು. ಹೆಗಲಿನಿಂದ ಸೈಕಲ್ಲು ಜಾರಿ ಕೆಸರಿಗೆ ಬಿತ್ತು.

"ಹಾಜರ್ ಸಾರ್!"

ಇರಣ್ಣನವರು ತಿರುಗಿ ನೋಡಿದರು. ಅಲ್ಲೊಂದು ಕೆಸರಿನ ಕಂಬ ನಿಂತಿತ್ತು. ಊರಿನ ಬೆರಳೆಲ್ಲ ಅದನ್ನೇ ತೋರಿಸುತ್ತಿತ್ತು.

"ಏನೋ ಇದು? ಗಾಬರಿ ಎಬ್ಬಿಸಿದ್ದು ನೀನೇನಾ?"

"ಸಾರ್, ಗಂಟಿ ಬಡೀತ್ರಿ... ಓಡಿದೆ..."

"ಓಡಿದೆ. ಈಗ ಹಾಜರ್ ಅಂತೀಯ. ಹಾಜರ್ ಇರೋನಿಗೆ ರಜೆ ಎಲ್ಲಿಂದ ಬಂತು? ನಡಿ, ಗಾಡಿ ಹತ್ತು. ಅದಕ್ಕೂ ಮೊದ್ಲು ಈ ಜನಾನೆಲ್ಲ ಸಮಾಧಾನ ಮಾಡಿ ಮನೆಗೆ ಸೇರಿಸು."

"ಸಾರ್, ಇನ್ನೊಂದ್ ಹೆಜ್ಜಿ ಐತ್ರಿ..."

ಅವನ ಮುಖ ನೋಡಲಾರದೆ ಬಸಲಿಂಗ ಓಡಿ ಬಂದು, ಬಿದ್ದ ಸೈಕಲ್ಲನ್ನು ಎತ್ತಿ ಅವನ ಕೈಗೆ ಕೊಟ್ಟ. "ಹಿಡಿ ದೋಸ್ತಾ. ಹೋಗು, ಮುಗಿಸಿ ಬಾ."

"ಅಯ್ಯೋ ಸರ್!" ಎಂದ ಪ್ರಸನ್ನ. ಅವನ ದನಿಯಲ್ಲೂ ನೋವಿತ್ತು. "ಔಟ್‌ಸೈಡ್ ಹೆಲ್ಪ್ ಆಯ್ತು ಸರ್. ಡಿಸ್‌ಕ್ವಾಲಿಫೈಡ್. ರೂಲ್ ಈಸ್ ರೂಲ್." ಅವನು ಮೈಕನ್ನು ಕೆಳಗಿಳಿಸಿದ.

ಕಮಲಮ್ಮನತ್ತ ನೋಡುವ ಧೈರ್ಯ ಯಮನೂರನಿಗಿರಲಿಲ್ಲ. ತಲೆ ತಗ್ಗಿಸಿ, ಗಾಡಿಯ ಕಡೆ ತಿರುಗಿ ಕಾಲೆತ್ತಿದ. ಅವನ ಬೆನ್ನು ಇರಣ್ಣನವರ ಕಣ್ಣಿಗೆ ಬಿತ್ತು. ಅವರು ಬೈಯಲು ತೆರೆದ ಬಾಯಿ ಮುಚ್ಚಿ, ಅಂಗೈಯಿಂದ ಅಲ್ಲಿನ ಕೆಸರನ್ನು ಮೆಲ್ಲಗೆ ಒರೆಸಿದರು.

"ನಿಲ್ಲು," ಎಂದರು. "ಹಾಜರಿ ಮುಗಿದಿಲ್ಲ."

ಸಿಬ್ಬಂದಿ ಸಾಲಾಗಿ ನಿಂತಿತು. ಇರಣ್ಣನವರು ದನಿ ಏರಿಸಲಿಲ್ಲ.

"ಮರೆಪ್ಪ."

ಸಾಲು ಒಟ್ಟಿಗೆ ಹೇಳಿತು: "ಹಾಜರ್ ಸಾರ್."

"ಗುರುರಾಜ."

"ಹಾಜರ್ ಸಾರ್."

ಕುಕ್ಕರು ಹಿಡಿದವರು ಕುಕ್ಕರು ಇಳಿಸಿದರು. ಮೀಟಿಂಗಿನವರು ಕಿವಿಯಿಂದ ಫೋನು ತೆಗೆದರು. ಮಾರಕ್ಕ ಸೆರಗು ಹೊದ್ದಳು. ಯಾವ ಪಂದ್ಯಕ್ಕೂ ಅಷ್ಟು ಜನ ಸೇರಿರಲಿಲ್ಲ, ಸೇರಿದವರು ಅಷ್ಟು ಸುಮ್ಮನೆ ನಿಂತಿರಲಿಲ್ಲ.

"ಚನಬಸಪ್ಪ."

ಸಾಲಿನಲ್ಲಿ ಯಾರಿಗೂ ದನಿ ಏಳಲಿಲ್ಲ. ಗೋದಾಮಿನ ಬಾಗಿಲಲ್ಲಿ ಇರಣ್ಣನವರು ಈ ಹೆಸರನ್ನು ಮತ್ತೆ ಮತ್ತೆ ಕೂಗಿದ್ದರು. ಅಂದೂ ಉತ್ತರ ಬಂದಿರಲಿಲ್ಲ, ಅದು ಹಾಗೆಯೇ ಬಾಕಿ ಉಳಿದಿತ್ತು. ಕಮಲಮ್ಮ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಂದು ಸಾಲಿನ ಕೊನೆಗೆ ನಿಂತು, ಆ ಬಾಕಿಯನ್ನು ಮೆಲ್ಲಗೆ ತೀರಿಸಿದರು.

"ಇಲ್ಲೇ ಅದಾರ್ರೀ."