ಗುವೊಲಿಯಾಂಗ್ ಅವರ ಬೀಳ್ಕೊಡುಗೆ

ನಿವಾಸಿಗಳ ದಾಖಲೆಯಿಂದ ಒಬ್ಬ ಮನುಷ್ಯ ಹೊರಬೀಳಲು ಎರಡೇ ಮಾರ್ಗಗಳಿವೆ: ಆತ ಸಾಯಬೇಕು, ಇಲ್ಲವೇ ದೇಶ ಬಿಡಬೇಕು. ಆತ ಇರಲೇ ಇಲ್ಲ ಎಂಬುದನ್ನು ಐಂಡ್‌ಹೋವನ್ ನಗರದ ಸಮೀಪದ ಒಂದು ಪುರಸಭೆಯು ಮಾರ್ಗವೆಂದು ಪರಿಗಣಿಸುವುದಿಲ್ಲ.

ಮೈಸೂರಿನ ತ್ಯಾಗರಾಜರಿಗೆ ಈ ನಿಯಮವೊಂದು ಮಾತ್ರ ತಿಳಿದಿರಲಿಲ್ಲ. ಮಿಕ್ಕವೆಲ್ಲ ತಿಳಿದಿದ್ದವು. ಅವರು ಕೆಲಸಕ್ಕಿದ್ದ ಅಲ್ಲಿನ ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ಪಕ್ಕದ ಮೇಜಿನ ಚೆನ್ ಗುವೊಲಿಯಾಂಗ್, ಹೆಂಡತಿ ಮಗಳನ್ನು ಚೀನಾದಿಂದ ಕರೆಸಿಕೊಳ್ಳುವ ಅರ್ಜಿಯನ್ನು "ಒಂದ್ಸಲ ಕಣ್ಣಾಡಿಸಿ" ಎಂದು ಕೊಟ್ಟರು. ತ್ಯಾಗರಾಜರು ಕಣ್ಣಾಡಿಸುವವರಲ್ಲ, ಕಣ್ಣು ನೆಡುವವರು.

"ಚೆನ್ ಅನ್ನೋದು ನಿಮ್ಮ ಮನೆತನದ ಹೆಸರು. ನಿಮ್ಮಲ್ಲಿ ಅದು ಮೊದಲು ಬರತ್ತೆ. ಇಲ್ಲಿ ಮನೆತನದ ಜಾಗದಲ್ಲಿ ಗುವೊಲಿಯಾಂಗ್ ಕೂತಿದೆಯಲ್ಲ?"

"ನಾನು ಬಂದಾಗ ಏಜೆಂಟು ಹಾಗೆ ತುಂಬಿದ. ಅವತ್ತಿಂದ ಹಾಗೇ ನಡೀತಿದೆ, ಬಿಡಿ."

"ನಡೆಯೋದು ಬೇರೆ, ಸರಿಯಿರೋದು ಬೇರೆ" ಎಂದು ತ್ಯಾಗರಾಜರು ತಿದ್ದಿಸಿಯೇ ಬಿಟ್ಟರು.

ಮನೆಯಲ್ಲಿ ಹೆಂಡತಿ ವತ್ಸಲಾ ಕೇಳಿದಳು: "ರೀ, ನಿಮಗೆ ಮನೆತನದ ಹೆಸರಿಲ್ಲ ಅಂತ ಇಲ್ಲಿನವರು ನಿಮ್ಮನ್ನೂ ಮಾವನವರ ಹೆಸರು ಹಿಡಿದು ಶ್ರೀಕಂಠಯ್ಯ ಅಂತಾರೆ. ಮೊದಲು ಅದನ್ನ ತಿದ್ದಿಸಬಾರದಿತ್ತಾ?"

"ಅದು ಅವರ ತಪ್ಪು. ಗೊತ್ತಿದ್ದೂ ಸುಮ್ಮನಿದ್ದರೆ ಇದು ನನ್ನ ತಪ್ಪಾಗತ್ತೆ."

ಪುರಸಭೆಯ ಉತ್ತರ ಸಕಾಲಕ್ಕೆ ಬಂತು. ನೂತನ ನಿವಾಸಿ ಚೆನ್ ಅವರಿಗೆ ಹಾರ್ದಿಕ ಸ್ವಾಗತ. ಅದೇ ವಿಳಾಸದ ಒಂದು ಕೋಣೆಯ ಮನೆಯಲ್ಲಿ ಗುವೊಲಿಯಾಂಗ್ ಎಂಬ ಗೃಹಸ್ಥರು ಈಗಾಗಲೇ ವಾಸವಿರುವುದರಿಂದ ಹೆಂಡತಿ ಮಗಳಿಗೆ ಸ್ಥಳಾವಕಾಶವಿಲ್ಲ. ಅರ್ಜಿಯನ್ನು ತಡೆಹಿಡಿಯಲಾಗಿದೆ.

ಇಬ್ಬರೂ ಕೌಂಟರಿಗೆ ಹೋದರು. ಅಲ್ಲಿದ್ದ ಮಹಿಳೆ ಬಹಳ ಸೌಜನ್ಯವಂತೆ.

"ತಿದ್ದಬಹುದು. ಗುವೊಲಿಯಾಂಗ್ ಅವರೇ ಖುದ್ದು ಬರಬೇಕು."

"ನಾನೇ ಅವನು" ಎಂದರು ಚೆನ್.

"ನಿಮ್ಮ ಪಾಸ್‌ಪೋರ್ಟ್ ಪ್ರಕಾರ ನೀವು ಚೆನ್."

"ಹಾಗಾದ್ರೆ ಅವನು ಇಲ್ಲವೇ ಇಲ್ಲ."

"ಇಲ್ಲದವರು ಇಷ್ಟು ವರ್ಷ ತಪ್ಪದೆ ತೆರಿಗೆ ಕಟ್ಟೋದಿಲ್ಲ. ಒಳ್ಳೆಯ ನಿವಾಸಿ ಅವರು. ದೇಶ ಬಿಟ್ಟರೆ ಮಾತ್ರ ತೆಗೀಬಹುದು. ಬಿಟ್ಟದ್ದನ್ನ ಕಣ್ಣಾರೆ ಕಂಡವರೊಬ್ಬರ ರುಜು ಬೇಕು."

ಚೆನ್ ತ್ಯಾಗರಾಜರಿಗೆ ಫೋನು ತೋರಿಸಿದರು. ಅದರಲ್ಲಿ ಮಗಳು, ಕಟ್ಟಿಟ್ಟ ಸೂಟ್‌ಕೇಸಿನ ಮೇಲೆ ಕೂತು ಊಟ ಮಾಡುತ್ತಿದ್ದಳು.

ತ್ಯಾಗರಾಜರು ಜನ್ಮದಲ್ಲಿ ಸುಳ್ಳಿಗೆ ರುಜು ಹಾಕಿದವರಲ್ಲ. "ನೋಡದ್ದನ್ನ ನೋಡಿದೆ ಅಂತ ಬರೆಯೋದಿಲ್ಲ" ಎಂದರು. "ಆದ್ದರಿಂದ ನೀವು ಹೋಗಲೇಬೇಕು."

ಶನಿವಾರ ಇಬ್ಬರೂ ಸೈಕಲ್ ಹತ್ತಿ ಬೆಲ್ಜಿಯಂ ಗಡಿ ಮುಟ್ಟಿದರು. ಹೋಗುವವರನ್ನು ಬರಿಗೈಲಿ ಕಳಿಸಬಾರದೆಂದು ವತ್ಸಲಾ ಪುಳಿಯೋಗರೆ ಕಟ್ಟಿಕೊಟ್ಟಿದ್ದಳು. ಗಡಿಗಲ್ಲಿನ ಈಚೆ ನಿಂತ ತ್ಯಾಗರಾಜರು ಕೈ ಬೀಸಿದರು. ಗುವೊಲಿಯಾಂಗ್ ಹೊರಟುಹೋದರು. ಆಚೆಯ ಬೆಂಚಿನ ಮೇಲೆ ಪುಳಿಯೋಗರೆ ಮುಗಿಸಿ ಚೆನ್ ವಾಪಸು ಬಂದರು.

"ಖಾರ ಸ್ವಲ್ಪ ಜಾಸ್ತಿ" ಎಂದರು.

"ಅದು ಹೋದವರಿಗೆ ಕೊಟ್ಟದ್ದು" ಎಂದರು ತ್ಯಾಗರಾಜರು.

ಸೋಮವಾರ ಕೌಂಟರಿನಲ್ಲಿ ಆ ಮಹಿಳೆ ಪೆನ್ನು ಮುಂದಿಟ್ಟಳು. "ಸಾಕ್ಷಿ, ಶ್ರೀಕಂಠಯ್ಯ. ನೀವೇ ತಾನೆ?"

"ಅದು ನಮ್ಮ ತಂ..." ಎಂದು ತ್ಯಾಗರಾಜರು ಬಾಯಿ ತೆರೆದರು. ಆಕೆ ಆಗಲೇ ಅವರಿಗಾಗಿ ಹೊಸ ನಿವಾಸಿಯ ಖಾಲಿ ಅರ್ಜಿಯೊಂದಕ್ಕೆ ಕೈ ಚಾಚಿದ್ದಳು. ಚೆನ್ ಕಣ್ಣು ಮುಚ್ಚಿಕೊಂಡಿದ್ದರು.

"ನಾನೇ" ಎಂದರು ತ್ಯಾಗರಾಜರು.

ಮುಂದಿನ ತಿಂಗಳು ಚೆನ್ ಅವರ ಹೆಂಡತಿ ಮಗಳು ಬಂದಿಳಿದರು. ಅದೇ ವಾರ ಕಂಪನಿಗೂ ಪುರಸಭೆಯ ಸೂಚನೆ ತಲುಪಿ, ಗುವೊಲಿಯಾಂಗ್ ಅವರ ಬೀಳ್ಕೊಡುಗೆಗೆ ಕೇಕ್ ತರಿಸಲಾಯಿತು. ಅವರ ಸರಳತೆಯನ್ನು ಮ್ಯಾನೇಜರು ಕೊಂಡಾಡಿದರು. ಚೆನ್ ಎರಡು ತುಂಡು ತಿಂದು, ಶುಭಾಶಯದ ಕಾರ್ಡಿನಲ್ಲಿ "ನಿಮ್ಮನ್ನು ಮರೆಯಲಾರೆ" ಎಂದು ಬರೆದು ಪಕ್ಕಕ್ಕೆ ದಾಟಿಸಿದರು.

ತ್ಯಾಗರಾಜರು ಅದನ್ನು ಆಮೂಲಾಗ್ರ ಓದಿ, ತಪ್ಪಿಲ್ಲವೆಂದು ಖಚಿತಪಡಿಸಿಕೊಂಡು, ದುಂಡಗೆ ರುಜು ಹಾಕಿದರು: ಶ್ರೀಕಂಠಯ್ಯ.