ಹೊಟ್ಟೆಯ ಗಂಟೆಗೆ ಬಟ್ಟೆ ತುರುಕಿದ ಪುಟ್ಟ ಶೀಶೆಯವರಿಗೆ

ಇವರಿಗೆ:
ಹೊಟ್ಟೆಯ ಹುಳಿ ಇಳಿಸುವ ಚುಚ್ಚುಮದ್ದಿನ ಪುಟ್ಟ ಶೀಶೆಯವರು,
ಔಷಧಿ ಅಂಗಡಿ, ಎರಡನೇ ಕಪಾಟು, ಪರದೆಯ ಪಕ್ಕ.

ವಿಷಯ: ಅತಿಯಾಗಿ ಒಳ್ಳೆಯ ಕೆಲಸ ಮಾಡಿದ್ದರ ಬಗ್ಗೆ ದೂರು.

ಮಾನ್ಯರೇ,

ತಮ್ಮ ಪಾದಗಳಿಗೆ, ಪಾದಗಳಿಲ್ಲದ ಕಾರಣ ತಮ್ಮ ಚಪ್ಪಟೆ ತಳಕ್ಕೆ, ನನ್ನ ನಮಸ್ಕಾರಗಳು. ರಬ್ಬರ್ ಬಿರಡೆಯ ಕೆಳಗೆ ಬಿಳಿ ಪುಡಿಯಾಗಿ ತಾವು ತಣ್ಣಗೆ ಕ್ಷೇಮವಾಗಿದ್ದೀರೆಂದು ಭಾವಿಸಿದ್ದೇನೆ. ನಾನು ಕಚೇರಿಯ ಗೇಟಿನೆದುರು ಟೈಪ್ ಯಂತ್ರ ಇಟ್ಟುಕೊಂಡು ಬಂದವರಿಗೆ ಅರ್ಜಿ ಬರೆದುಕೊಡುವ ಹೆಂಗಸು. ನಲ್ಲಿಯಲ್ಲಿ ನೀರು ಬರಲಿಲ್ಲ, ಬೀದಿದೀಪ ಉರಿಯಲಿಲ್ಲ, ಪಕ್ಕದ ಮನೆಯ ನಾಯಿ ಸುಮ್ಮನಿರಲಿಲ್ಲ ಎಂದು ಊರಿನವರ ಗೋಳನ್ನೆಲ್ಲ "ತಮ್ಮಲ್ಲಿ ವಿನಯಪೂರ್ವಕವಾಗಿ" ಎಂದು ಶುರುಮಾಡಿ ಬರೆದು ಬರೆದು ನನ್ನ ಬೆರಳುಗಳು ಸವೆದಿವೆ. ನನ್ನ ಸ್ವಂತ ಗೋಳಿಗೆ ಇದೇ ಮೊದಲ ಅರ್ಜಿಯಾದ್ದರಿಂದ ತುಸು ಉದ್ದವಾದರೆ ತಾವು ತಾಳಿಕೊಳ್ಳಬೇಕು.

ನಮ್ಮ ಯಜಮಾನರು ಲಿಫ್ಟ್ ಮೆಕ್ಯಾನಿಕ್ ಎಂಬುದು ತಮಗೆ ಗೊತ್ತಿರಲಾರದು, ತಾವು ಅವರ ತೋಳಿನ ಒಳಬದಿಯನ್ನು ಬಿಟ್ಟರೆ ಬೇರೇನನ್ನೂ ಕಂಡವರಲ್ಲ. ಲಿಫ್ಟಿನೊಳಗೆ ಒಂದು ಕೆಂಪು ಗುಂಡಿ ಇರುತ್ತದೆ, ಒಳಗೆ ಸಿಕ್ಕಿಕೊಂಡವರು ಅದನ್ನು ಒತ್ತಿದರೆ ಕೆಳಗೆ ಮೆಟ್ಟಿಲ ಬಳಿ ಗಂಟೆ ಬಡಿದುಕೊಳ್ಳುತ್ತದೆ. ಮಕ್ಕಳು ಆಟಕ್ಕೆ ಒತ್ತುತ್ತಾರೆ, ಮಧ್ಯಾಹ್ನದ ನಿದ್ದೆ ಕೆಡುತ್ತದೆ ಎಂದು ಮನೆಗಳವರು ಆ ಗಂಟೆಯ ಬಟ್ಟಲಿಗೆ ಹಳೆ ಬಟ್ಟೆ ತುರುಕಿಬಿಡುತ್ತಾರೆ. ನಮ್ಮವರ ಮೈ ಉರಿಯುವುದು ಇದೊಂದಕ್ಕೆ. ಊಟಕ್ಕೆ ಕೂತಾಗಲೆಲ್ಲ, "ಅಲ್ಲ ಕಣೇ, ಗಂಟೆ ಹೊಡ್ಕೊಳ್ತಾ ಇದೆ ಅಂದ್ರೆ ಒಳಗೆ ಯಾರೋ ಇದ್ದಾರೆ ಅಂತ ತಾನೇ? ಒಳಗಿರೋರ್ನ ನೋಡೋದು ಬಿಟ್ಟು ಗಂಟೆ ಬಾಯಿ ಮುಚ್ಚಿಸ್ತಾರಲ್ಲ, ಇವರ ತಲೇಲಿ ಏನಿದೆ?" ಎಂದು ಅವರು ತಟ್ಟೆಯ ಅನ್ನ ಆರಿಹೋಗುವವರೆಗೂ ಭಾಷಣ ಮಾಡಿದ್ದನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ಊರಿಗೆಲ್ಲ ಬುದ್ಧಿ ಹೇಳುವವರ ಮನೆಯಲ್ಲಿ ಬುದ್ಧಿಗೆ ಬರಗಾಲ ಎನ್ನುವುದು ಆಗ ನನಗೆ ಹೊಳೆದಿರಲಿಲ್ಲ.

ತಮಗೂ ಅವರಿಗೂ ಮೊದಲ ಭೇಟಿಯಾದದ್ದು ಆಸ್ಪತ್ರೆಯಲ್ಲಿ. ಕೆಟ್ಟ ಊಟ ತಿಂದು ವಾಂತಿ ಹಿಡಿದು, ಹೊಟ್ಟೆಯಲ್ಲಿ ಗುಟುಕು ನೀರೂ ನಿಲ್ಲದಿದ್ದಾಗ ಅಲ್ಲಿಯ ಡಾಕ್ಟರಮ್ಮ ತಮ್ಮನ್ನು ಬರಮಾಡಿಕೊಂಡರು. ಎದೆಯ ಕೆಳಗಿನ ಉರಿ ತಣ್ಣಗಾಯಿತು. ಮರುದಿನ ವಾಂತಿ ನಿಂತೊಡನೆ ಅವರು ತಮ್ಮನ್ನು ಬೀಳ್ಕೊಟ್ಟು, ಇನ್ನು ನುಂಗಬಹುದು, ಸೂಜಿ ಬೇಡ ಎಂದು ಕೆಲವು ದಿನಗಳ ಗುಳಿಗೆ ಬರೆದುಕೊಟ್ಟರು. ಆದರೆ ನಮ್ಮವರ ತಲೆಯಲ್ಲಿ ಉಳಿದದ್ದು ತಾವು ಮಾತ್ರ. "ಗುಳಿಗೆ ಎಲ್ಲ ಮಕ್ಕಳಿಗೆ ಕಣೇ, ಸೂಜಿ ಅಂದ್ರೆ ಸೂಜಿ!" ಎಂದು ಅವರು ಮನೆಗೆ ಬರುವ ದಾರಿಯಲ್ಲೇ ತೀರ್ಪು ಕೊಟ್ಟುಬಿಟ್ಟರು.

ಅಲ್ಲಿಂದ ಮುಂದೆ ತಮ್ಮ ಕೀರ್ತಿ ಹಬ್ಬಿದ್ದು ಪರದೆ ಡಾಕ್ಟರ ಕೃಪೆಯಿಂದ. ಇವರು ನಮ್ಮ ಬೀದಿಯ ಔಷಧಿ ಅಂಗಡಿಯ ಕಾಂಪೌಂಡರ್, ಅಂಗಡಿಯ ಹಿಂಭಾಗಕ್ಕೆ ಒಂದು ಹೂಹೂವಿನ ಪರದೆ ಕಟ್ಟಿ ಅದರ ಹಿಂದೆ ಒಂದು ಸ್ಟೂಲು ಹಾಕಿಕೊಂಡಿರುವ ಮಹನೀಯರು. ವೈದ್ಯ ಓದಿಲ್ಲದಿದ್ದರೂ ಪರದೆ ಇದೆಯಲ್ಲ, ಹಾಗಾಗಿ ಡಾಕ್ಟರು. ನಮ್ಮವರು ಕಟ್ಟಡಗಳ ನೆತ್ತಿಯ ಲಿಫ್ಟ್ ಮೆಷಿನ್ ಕೋಣೆಗೆ ಹತ್ತಿ ಇಳಿದು ಸೊಂಟ ಹಿಡಿದಾಗಲೆಲ್ಲ ಖಾಲಿ ಹೊಟ್ಟೆಗೆ ನೋವಿನ ಗುಳಿಗೆ ನುಂಗುತ್ತಿದ್ದದ್ದು ಇವರ ಅಂಗಡಿಯದೇ, ಆ ಗುಳಿಗೆಯಿಂದ ಹೊಟ್ಟೆ ಉರಿದಾಗ ತಮ್ಮನ್ನು ಚುಚ್ಚಿಸಿಕೊಳ್ಳುತ್ತಿದ್ದದ್ದೂ ಇವರ ಸ್ಟೂಲಿನ ಮೇಲೇ. ಕಿಚ್ಚು ಹಚ್ಚುವವರೂ ಅವರೇ, ನೀರು ಮಾರುವವರೂ ಅವರೇ, ಇಂಥ ಅನುಕೂಲ ಯಾವ ಬೀದಿಯಲ್ಲಿದೆ ಹೇಳಿ!

ಪರದೆ ಡಾಕ್ಟರ ಕೈಚಳಕವನ್ನು ಹೊಗಳಲು ನನ್ನ ಟೈಪ್ ಯಂತ್ರದಲ್ಲಿ ಅಕ್ಷರಗಳು ಸಾಲವು. ಬೇರೆ ಏನು ಔಷಧಿ ತೆಗೆದುಕೊಳ್ಳುತ್ತೀರಿ, ಯಾವ ಮದ್ದಾದರೂ ಮೈಗೆ ಒಗ್ಗುವುದಿಲ್ಲವೇ, ಲಿವರ್ ಚೆನ್ನಾಗಿದೆಯೇ, ಎಂದಾದರೂ ರಕ್ತ ಕಂಡಿದೆಯೇ ಎಂಬ ಅಧಿಕಪ್ರಸಂಗದ ಪ್ರಶ್ನೆಗಳನ್ನು ಕೇಳಿ ಗಿರಾಕಿಯ ಮನಸ್ಸು ನೋಯಿಸುವ ಅಭ್ಯಾಸ ಅವರಿಗಿಲ್ಲ. ತಮ್ಮನ್ನೂ, ವಾಂತಿಯ ಮದ್ದನ್ನೂ, ಸೊಂಟದ ಮದ್ದನ್ನೂ ಒಂದೇ ಸಿರಿಂಜಿನಲ್ಲಿ ಕಲಸಿ, ಬಸ್ಸು ಹೊರಟಿತೇನೋ ಎಂಬಂತೆ ನರಕ್ಕೆ ಒಮ್ಮೆಲೇ ತಳ್ಳಿ, ಹತ್ತಿ ಒತ್ತಿಕೊಳ್ಳುವ ಮೊದಲೇ "ನೆಕ್ಸ್ಟ್" ಎನ್ನುತ್ತಿದ್ದರು. ಆ ನರ ಕೆಂಪಾಗಿ ಹಗ್ಗದಂತೆ ಗಡುಸಾದಾಗ, "ನೋಡು, ಪವರ್ ಎಷ್ಟಿದೆ!" ಎಂದು ನಮ್ಮವರು ತೋಳು ಚಾಚಿ ನನಗೇ ತೋರಿಸಿದರು. ತಮ್ಮನ್ನು ಅವರು ಔಷಧಿ ಎಂದು ಕರೆಯುತ್ತಲೇ ಇರಲಿಲ್ಲ, ಲಿಫ್ಟಿಗೆ ಎಣ್ಣೆ ಬಿಡುವ ಹಾಗೆ ಇದೂ ಒಂದು ಸರ್ವಿಸ್ಸು ಎನ್ನುತ್ತಿದ್ದರು.

ಮಾನ್ಯರೇ, ಇಲ್ಲಿಂದ ನನ್ನ ನಿಜವಾದ ದೂರು ಶುರುವಾಗುತ್ತದೆ. ತಾವು ಉರಿಯನ್ನು ಎಷ್ಟು ಚೆನ್ನಾಗಿ ಅಡಗಿಸಿದಿರೆಂದರೆ ಒಳಗೆ ಹುಣ್ಣು ಬಾಯಿಬಿಟ್ಟು ರಕ್ತ ಒಸರುತ್ತಿದ್ದದ್ದು ಅದರ ಯಜಮಾನರಿಗೇ ಗೊತ್ತಾಗಲಿಲ್ಲ. ಮಲ ಟಾರಿನಂತೆ ಕಪ್ಪಗೆ ಹೋಗತೊಡಗಿತು. ಬೇರೆ ಯಾರಾದರೂ ಹೆದರುತ್ತಿದ್ದರು, ನಮ್ಮವರಿಗೆ ಹೆಮ್ಮೆಯಾಯಿತು! "ಒಳಗಿನ ಹಳೇ ಕೊಳೆಯೆಲ್ಲ ಕಿತ್ಕೊಂಡು ಬರ್ತಾ ಇದೆ, ಸರ್ವಿಸ್ಸು ಅಂದ್ರೆ ಹಿಂಗಿರಬೇಕು" ಎಂದು ಕೆಲಸದ ಸ್ನೇಹಿತರಿಗೆಲ್ಲ ಶಿಫಾರಸು ಮಾಡಿದ್ದಾರೆಂದು ಆಮೇಲೆ ತಿಳಿಯಿತು. ನನಗೆ ಕಂಡದ್ದು ಸುಣ್ಣದಂತಾಗುತ್ತಿದ್ದ ಅವರ ಮುಖ ಮಾತ್ರ. ಡಾಕ್ಟರಮ್ಮನಿಗೆ ತೋರಿಸೋಣ ಬನ್ರೀ ಎಂದು ನಾನು ಗೋಗರೆದರೆ, "ಉರಿ ಇಲ್ಲ, ನೋವಿಲ್ಲ, ಏನಂತ ತೋರಿಸ್ಲಿ, ಮುಖಾನಾ?" ಎಂದರು. ಮುಖವನ್ನೇ ತೋರಿಸಿ ಎಂದೆ, ಹಿತ್ತಲ ಗಿಡ ಮದ್ದಲ್ಲವಲ್ಲ, ಹೆಂಡತಿಯ ಮಾತು ಕಿವಿಗೆ ಹೋಗಲಿಲ್ಲ.

ಒಂದು ಬೆಳಿಗ್ಗೆ ಅವರು ಒಂದು ವಸತಿ ಕಟ್ಟಡದಲ್ಲಿ ಲಿಫ್ಟಿನ ಬಾಗಿಲು ಸರಿಮಾಡಿ, ಪರೀಕ್ಷೆಗೆಂದು ಒಬ್ಬರೇ ಒಳಗೆ ನಿಂತು ಬಾಗಿಲು ಹಾಕಿಕೊಂಡರಂತೆ. ಮೂರನೇ ಮಹಡಿಗೆ ಬರುವಷ್ಟರಲ್ಲಿ ಕಣ್ಣು ಕತ್ತಲಿಟ್ಟು, ಕಾಫಿ ಪುಡಿ ಕದಡಿದಂಥ ವಾಂತಿಯಾಗಿ, ಅಲ್ಲೇ ಕುಸಿದರು. ಆದರೂ ಕಸುಬಿನ ಮನುಷ್ಯ ನೋಡಿ, ಕುಸಿಯುತ್ತಲೇ ಒಂದು ಕೈಯಿಂದ ಲಿಫ್ಟನ್ನು ನಿಲ್ಲಿಸಿ ಇನ್ನೊಂದರಿಂದ ಕೆಂಪು ಗುಂಡಿ ಒತ್ತಿದರು. ಒತ್ತಿದರು, ಮತ್ತೆ ಒತ್ತಿದರು. ಕೆಳಗೆ ಗಂಟೆ ಬಡಿಯಲಿಲ್ಲ. ಅದರ ಬಟ್ಟಲಿಗೆ ಯಾರೋ ಹರಿದ ಬನಿಯನ್ ತುರುಕಿದ್ದರು.

ಅವರನ್ನು ಉಳಿಸಿದ್ದು ತಾವಲ್ಲ, ಗಂಟೆಯೂ ಅಲ್ಲ, ಮೂರನೇ ಮಹಡಿಯ ಒಬ್ಬ ಜಗಳಗಂಟಿ ಅಜ್ಜಿ. ಕೆಳಗಿಳಿಯಲು ಬಂದು ನಿಂತ ಅವರು ಲಿಫ್ಟಿನ ಬಾಗಿಲು ತೆರೆಯದಿರುವುದನ್ನು ಕಂಡು, ಊರುಗೋಲಿನಿಂದ ಅದಕ್ಕೆ ಬಡಿದು, "ಯಾವನಯ್ಯಾ ಅವ್ನು, ಲಿಫ್ಟ್ ಹಿಡ್ಕೊಂಡು ಕೂತಿರೋನು? ನಿಮ್ಮಪ್ಪನ ಮನೆ ಸ್ವತ್ತೇನೋ?" ಎಂದು ಮಹಡಿ ಮಹಡಿಗೂ ಕೇಳುವಂತೆ ಬೈದರು. ಉತ್ತರ ಬರದಿದ್ದರೆ ಸಭ್ಯರು ಮೆಟ್ಟಿಲು ಹಿಡಿಯುತ್ತಾರೆ. ಅಜ್ಜಿ ಸಭ್ಯರಲ್ಲ, ದೇವರು ಅವರನ್ನು ನೂರ್ಕಾಲ ಹಾಗೇ ಇಟ್ಟಿರಲಿ. ಬೈಗುಳ ತಾಳಲಾರದೆ ವಾಚ್‌ಮನ್ ಕೀಲಿ ಹಿಡಿದು ಓಡಿಬಂದು ಬಾಗಿಲು ತೆರೆದ.

ಅವನು ಅವರನ್ನೂ ಅವರ ಕೆಲಸದ ಚೀಲವನ್ನೂ ಆಸ್ಪತ್ರೆಗೆ ಸೇರಿಸಿದ ಸುದ್ದಿ ತಿಳಿದು, ನಾನು ಟೈಪ್ ಯಂತ್ರವನ್ನು ಗೇಟಿನೆದುರೇ ಬಿಟ್ಟು ಓಡಿದೆ. ಅದೇ ಡಾಕ್ಟರಮ್ಮ ಏನೇನು ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ, ಮಂಚದ ಮೇಲೆ ಬಿಳಿಚಿಕೊಂಡು ಮಲಗಿದ್ದ ಈ ಮಹಾನುಭಾವರು "ಏನೂ ಇಲ್ಲ ಡಾಕ್ಟ್ರೇ" ಎಂದರು. ಸುಳ್ಳಲ್ಲ ನೋಡಿ, ಅವರ ಲೆಕ್ಕದಲ್ಲಿ ನೋವಿನ ಗುಳಿಗೆ ಸೊಂಟಕ್ಕೆ ಸೇರಿದ್ದು, ತಾವು ಸರ್ವಿಸ್ಸಿಗೆ ಸೇರಿದವರು, ಇನ್ನು ಔಷಧಿ ಎಲ್ಲಿಂದ ಬರಬೇಕು? ನಾನು ಅವರ ಕೆಲಸದ ಚೀಲವನ್ನು ತಲೆಕೆಳಗು ಮಾಡಿದೆ. ಸ್ಪ್ಯಾನರುಗಳ ನಡುವೆ ಗುಳಿಗೆಯ ಹಾಳೆಗಳು ಬಿದ್ದವು, ತೋಳಿನ ಹಗ್ಗವನ್ನೂ ತೋರಿಸಿದೆ, "ಇವರು ಗಂಟೆಗೆ ಬಟ್ಟೆ ತುರುಕ್ಕೊಂಡಿದ್ದಾರೆ ಡಾಕ್ಟ್ರೇ" ಎಂದು ಅತ್ತೆ. ನಮ್ಮವರು ಕಣ್ಣು ಮುಚ್ಚಿಕೊಂಡರು. ಬೇರೆ ಯಾರ ಮಾತಿಗೂ ತಗ್ಗದವರು ಅವರದೇ ಮಾತಿಗೆ ತಗ್ಗಿದರು.

ರಕ್ತ ಕೊಟ್ಟರು, ಬಾಯಿಯಿಂದ ಕ್ಯಾಮೆರಾದ ಕೊಳವೆ ಇಳಿಸಿ ಹುಣ್ಣನ್ನು ಹುಡುಕಿ ರಕ್ತ ನಿಲ್ಲಿಸಿದರು. ಹೊರಗಿನ ಬೆಂಚಿನ ಮೇಲೆ ಕೂತು, ಇವರಿಲ್ಲದಿದ್ದರೆ ಯಾರ ಭಾಷಣ ಕೇಳುತ್ತಾ ಊಟ ಮಾಡಲಿ ಎಂದು ನಾನು ಅವರ ಚೀಲದ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸುತ್ತಿದ್ದೆ. ಆಮೇಲೆ ಒಳಗೆ ಹೋದರೆ ಸಿಸ್ಟರ್ ಟ್ರೇ ಹಿಡಿದು ಬಂದರು, ಟ್ರೇಯಲ್ಲಿ ಯಾರು? ತಾವು! ಅದೇ ಬಿರಡೆ, ಅದೇ ಬಿಳಿ ಪುಡಿ, ಮುಖದಲ್ಲಿ ಎಳ್ಳಷ್ಟೂ ನಾಚಿಕೆ ಇಲ್ಲ. ನಾನು ಟ್ರೇಗೆ ಅಡ್ಡ ನಿಂತೆ. ಡಾಕ್ಟರಮ್ಮ ನನ್ನ ಭುಜ ಹಿಡಿದು, "ಅಮ್ಮಾ, ಈ ಮದ್ದು ಇರೋದೇ ಇಂಥಾ ಹೊತ್ತಿಗೆ. ಹುಳಿ ಕಮ್ಮಿ ಆದ್ರೆ ಕಟ್ಟಿರೋ ರಕ್ತ ಮತ್ತೆ ಬಿಟ್ಕೊಳ್ಳೋದಿಲ್ಲ. ತಪ್ಪು ಇದರದಲ್ಲ, ಯಾಕೆ ಉರೀತಾ ಇದೆ ಅಂತ ನೋಡದೇನೇ ಚುಚ್ಚಿದ್ದು ತಪ್ಪು" ಎಂದರು.

ಹಾಗಾಗಿ ತಮ್ಮ ಇನ್ನೊಂದು ಮುಖವನ್ನೂ ನಾನು ನೋಡಬೇಕಾಯಿತು. ಸಿಸ್ಟರ್ ಮೊದಲು ಕೈಪಟ್ಟಿಯಲ್ಲಿ ಹೆಸರು ನೋಡಿದರು, ಯಾವ ಮದ್ದಾದರೂ ಒಗ್ಗುವುದಿಲ್ಲವೇ ಎಂದು ಕೇಳಿದರು, ತಮ್ಮನ್ನು ಆಗಿಂದಾಗ ಸಲೈನಿನಲ್ಲಿ ಕರಗಿಸಿ, ಬೇರೆ ಯಾವ ಮದ್ದನ್ನೂ ಪಕ್ಕಕ್ಕೆ ಬಿಟ್ಟುಕೊಳ್ಳದೆ, ತೋಳನ್ನೇ ನೋಡುತ್ತಾ ನಿಧಾನವಾಗಿ ಒಳಗೆ ಬಿಟ್ಟರು, ಉರಿದರೆ ಊದಿದರೆ ಆಗಲೇ ಹೇಳಿ ಎಂದರು. ಪರದೆಯ ಹಿಂದೆ ಕಳ್ಳನಂತೆ ನುಗ್ಗುತ್ತಿದ್ದವರು ಇಲ್ಲಿ ಎಷ್ಟು ಮರ್ಯಾದಸ್ಥರು! ನಮ್ಮವರು ಉಣ್ಣುವಂತಾದ ಮೇಲೆ ಡಾಕ್ಟರಮ್ಮ ತಮ್ಮನ್ನು ಮತ್ತೆ ಬೀಳ್ಕೊಟ್ಟು ಗುಳಿಗೆಗೆ ಇಳಿಸಿದರು, ಅದಕ್ಕೂ ಕೊನೆಯ ದಿನ ಗೊತ್ತು ಮಾಡಿದರು, ಸೊಂಟದ ಗುಳಿಗೆಯನ್ನು ಕಿತ್ತುಕೊಂಡರು. ಹೇಳುವವರು ಕೇಳುವವರಿಲ್ಲದೆ ಈ ಹುಳಿಮದ್ದನ್ನು ತಿಂಗಳುಗಟ್ಟಲೆ ಎಳೆದರೆ ಮೂಳೆ ಸವೆಯಬಹುದು, ಮೈಯ ಲವಣ ಕುಗ್ಗಬಹುದು, ಇನ್ನೂ ದೊಡ್ಡ ಕಾಯಿಲೆ ಒಳಗೇ ಅಡಗಿ ಕೂರಬಹುದು ಎಂದೂ ಎಚ್ಚರಿಸಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಮಾತಿಗೆ ನಾವಿಬ್ಬರೂ ತಲೆ ಅಲ್ಲಾಡಿಸಿದೆವು.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ವಿನಯಪೂರ್ವಕವಾಗಿ ಬೇಡಿಕೊಳ್ಳುವುದೇನೆಂದರೆ, ತಾವು ದಯವಿಟ್ಟು ಒಂದು ಬಾಯಿ ಬೆಳೆಸಿಕೊಳ್ಳಬೇಕು. ಯಾರಾದರೂ ತಮ್ಮನ್ನು ಪರದೆಯ ಹಿಂದೆ ಒಯ್ದೊಡನೆ "ಡಾಕ್ಟರ ಚೀಟಿ ಎಲ್ರೀ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಬೇಕು, ಬೇರೆ ಮದ್ದುಗಳ ಜೊತೆ ಒಂದೇ ಸಿರಿಂಜಿಗೆ ಎಳೆದರೆ ಕಲ್ಲಾಗಿ ಕೂರಬೇಕು. ಎದೆ ಹಿಂಡಿ ಬೆವರು ಇಳಿಯುತ್ತಿರುವವನು ಬಂದು "ಗ್ಯಾಸು, ಒಂದು ಸೂಜಿ ಹಾಕಿ" ಎಂದರೆ ಕಪಾಟಿನಿಂದ ಹಾರಿ ಒಡೆದು ಚೂರಾಗಿಯಾದರೂ ಅವನನ್ನು ಹೃದಯದ ಡಾಕ್ಟರ ಬಳಿಗೆ ಓಡಿಸಬೇಕು. ಕಪ್ಪು ಮಲ, ರಕ್ತದ ವಾಂತಿ, ಕಾರಣವಿಲ್ಲದೆ ಇಳಿಯುವ ತೂಕ, ಗಂಟಲಲ್ಲಿ ನಿಲ್ಲುವ ತುತ್ತು ಇವು ಇರುವವರ ತೋಳನ್ನು ಆಸ್ಪತ್ರೆಯ ಹೊರಗೆ ಮುಟ್ಟಲೇಬಾರದು. ಇಷ್ಟೆಲ್ಲ ಆಗದಿದ್ದರೆ, ಉರಿ ಆರಿಸುವಾಗ ಒಂದು ಚಿಟಿಕೆಯಷ್ಟನ್ನಾದರೂ ಒಳಗೆ ಉಳಿಸಿ, ಹೆಂಡತಿಯ ಮಾತು ಕೇಳುವಷ್ಟು.

ಅಂದಹಾಗೆ ಪರದೆ ಡಾಕ್ಟರಿಗೂ ಈಚೆಗೆ ಎದೆಯುರಿಯಂತೆ. ಕೈಗೆಟುಕುವಲ್ಲೇ ತಾವಿದ್ದರೂ ತಮ್ಮನ್ನು ಮುಟ್ಟದೆ, ಡಾಕ್ಟರಮ್ಮನ ಬಾಗಿಲಲ್ಲಿ ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದನ್ನು ನಾನೇ ಕಣ್ಣಾರೆ ಕಂಡೆ. ತಮಗೆ ಬೇಸರವಾಗಬಾರದೆಂದು ಇಷ್ಟು ಹೊತ್ತು ಹೇಳಿರಲಿಲ್ಲ.

ಇಂತಿ, ಮತ್ತೊಮ್ಮೆ ತಮ್ಮ ಅಗತ್ಯ ಬೀಳದಿರಲೆಂದೂ, ಬಿದ್ದರೆ ಆಸ್ಪತ್ರೆಯ ಟ್ರೇಯಲ್ಲೇ ತಮ್ಮ ದರ್ಶನವಾಗಲೆಂದೂ ಹಾರೈಸುವ,

ತಮ್ಮ ವಿಶ್ವಾಸಿ,
ಗೇಟಿನೆದುರಿನ ಅರ್ಜಿ ಬರೆಯುವವಳು

ತಾ.ಕ.: ನಮ್ಮವರು ಕೆಲಸಕ್ಕೆ ಹೋದ ಮೊದಲ ದಿನವೇ ಆ ಕಟ್ಟಡದ ಗಂಟೆಯಿಂದ ಬನಿಯನ್ನು ಕಿತ್ತು, ಇನ್ನು ಯಾರೂ ಏನೂ ತುರುಕದಂತೆ ಅದಕ್ಕೆ ಕಬ್ಬಿಣದ ಜಾಲರಿ ಬಡಿದು ಬಂದಿದ್ದಾರೆ. ಸದ್ದು ತಾಳಲಾರದೆ ಅಲ್ಲಿಯ ಮನೆಗಳವರೆಲ್ಲ ಸೇರಿ ಲಿಫ್ಟ್ ಮೆಕ್ಯಾನಿಕ್ ಮೇಲೆ ದೂರು ಕೊಡಲು ನಿನ್ನೆ ನನ್ನ ಬಳಿಗೇ ಬಂದಿದ್ದರು, ನಾನು ಯಾರ ಹೆಂಡತಿಯೆಂದು ಪಾಪ ಅವರಿಗೆ ಗೊತ್ತಿಲ್ಲ. ಒಂದಕ್ಷರ ತಪ್ಪಿಲ್ಲದೆ ಬರೆದುಕೊಟ್ಟೆ. ಎಲ್ಲರೂ ಸಹಿ ಹಾಕಿದ್ದಾರೆ, ಮೂರನೇ ಮಹಡಿಯ ಅಜ್ಜಿ ಒಬ್ಬರನ್ನು ಬಿಟ್ಟು. "ಹೊಡ್ಕೊಳ್ಲಿ ಬಿಡ್ರೋ, ಒಳಗೆ ಯಾರಿದ್ದಾರೋ ಏನೋ" ಎಂದರಂತೆ.