ಆರು ನಿಮಿಷ ಸುಮ್ಮನಿದ್ದ ಅಪರಾಧದ ಕುರಿತು

ನಮ್ಮ ಕರೆಗಳಲ್ಲಿ ಸಹಾನುಭೂತಿ ಎಷ್ಟಿದೆಯೆಂದು ಅಳೆಯುವ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ವಾಷಿಂಗ್ ಮೆಷಿನ್ ಕೆಟ್ಟವರ ಗೋಳು ಕೇಳುವ ಈ ಎರಡನೇ ಮಹಡಿಯಲ್ಲಿ, ಹನ್ನೆರಡನೇ ಕುರ್ಚಿಯಲ್ಲಿ ಕೂತಿರುವ ನಾನು, ತಮಗೆ ಉದ್ದಂಡ ನಮಸ್ಕಾರ ಹಾಕಲು ಹೆಡ್‌ಫೋನಿನ ವೈರು ಸಾಲದ್ದರಿಂದ, ತಲೆಯನ್ನಷ್ಟೇ ಬಾಗಿಸಿ ಬಿನ್ನವಿಸಿಕೊಳ್ಳುತ್ತಿದ್ದೇನೆ.

ತಾವು ಬರುವ ಮೊದಲು ನಮ್ಮಲ್ಲಿ ಯಾರಿಗೆ ಎಷ್ಟು ಕರುಣೆಯಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಈಗ ಕರೆ ಮುಗಿದ ಕೂಡಲೇ ಪರದೆಯ ಮೇಲೆ ಅಂಕ ಬೀಳುತ್ತದೆ. 'ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ' ಎಂದರೆ ಎರಡು, 'ದಯವಿಟ್ಟು ಕ್ಷಮಿಸಿ' ಎಂದರೆ ಒಂದು, ಎಲ್ಲವನ್ನೂ ನಾಲ್ಕು ನಿಮಿಷದೊಳಗೆ ಅರ್ಥ ಮಾಡಿಕೊಂಡು ಮುಗಿಸಿದರೆ ಮೇಲೆ ಇನ್ನೆರಡು. ನಮ್ಮಮ್ಮ ಇಪ್ಪತ್ತೆರಡು ವರ್ಷದಿಂದ ನನ್ನನ್ನು ಅರ್ಥ ಮಾಡಿಕೊಳ್ಳಲು ಒದ್ದಾಡುತ್ತಿದ್ದಾಳೆ. ತಮ್ಮ ಕೈಗೆ ಸಿಕ್ಕರೆ ಪಾಪ, ಸೊನ್ನೆಯೇ ಗತಿ.

ನನ್ನ ಮೇಲಂತೂ ತಮ್ಮ ಕೃಪೆ ಅಪಾರ. ಕಳೆದ ವಾರ ಸೋಫಾ ಮಾರುವ, ರೆಕಾರ್ಡ್ ಮಾಡಿಟ್ಟ ಜಾಹೀರಾತಿನ ಧ್ವನಿಯೊಂದು ದಾರಿ ತಪ್ಪಿ ನಮ್ಮ ಲೈನಿಗೇ ಬಂದಾಗ, ನಾನು ಅದರ ಕಷ್ಟವನ್ನು ಐದು ಸಲ ಅರ್ಥ ಮಾಡಿಕೊಂಡೆ. ಹತ್ತಕ್ಕೆ ಹತ್ತು ಕೊಟ್ಟು, ಜೊತೆಗೊಂದು ನಕ್ಷತ್ರವನ್ನೂ ದಯಪಾಲಿಸಿದಿರಿ. ಮೇಲ್ವಿಚಾರಕರು ಎಲ್ಲರನ್ನೂ ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು.

ನನ್ನ ದೂರು ಏನಿದ್ದರೂ ಪಕ್ಕದ ಕುರ್ಚಿಯ ದೊಡ್ಡಕ್ಕನ ಮೇಲೆ. ನಮಗೆಲ್ಲ ಈ ಕೆಲಸ ಕಲಿಸಿದವರೇ ಆದರೂ ತಮ್ಮ ಶಿಸ್ತು ಅವರ ತಲೆಗೆ ಹತ್ತಿಲ್ಲ. ಸೋಮವಾರ ಹಿರಿಯರೊಬ್ಬರು ಕರೆ ಮಾಡಿದ್ದರು. ಆಸ್ಪತ್ರೆಗೆ ಹೋಗುವ ಬೆಳಿಗ್ಗೆ ಅವರ ಹೆಂಡತಿ ಮೆಷಿನ್ನಿಗೆ ಬಟ್ಟೆ ಹಾಕಿದ್ದರಂತೆ. ಆಕೆ ತಿರುಗಿ ಬರಲಿಲ್ಲ. ಬಟ್ಟೆ ಒಳಗೇ ಉಳಿದಿದೆ, ತೆಗೆಯಲು ಕೈ ಬರುತ್ತಿಲ್ಲ, ಏನು ಮಾಡಲಿ ಎಂದವರೇ ಅಳಲು ಶುರು ಮಾಡಿದರು. ದೊಡ್ಡಕ್ಕ ಆರು ನಿಮಿಷ ತುಟಿ ಬಿಚ್ಚಲಿಲ್ಲ. ಕೊನೆಗೆ ಮೆಲ್ಲಗೆ, "ಇವತ್ತೇ ತೆಗೀಬೇಕು ಅಂತೇನಿಲ್ಲ, ಹಾಗೇ ಇರ್ಲಿ ಬಿಡಿ" ಎಂದರು. ಒಂದು ಕ್ಷಮೆಯಿಲ್ಲ, ಒಂದು ಅರ್ಥವಾಗುವಿಕೆಯಿಲ್ಲ. ತಾವು ಸೊನ್ನೆ ಕೊಟ್ಟು ಕೆಂಪು ಗುರುತು ಹಾಕಿದಿರಿ.

ಅದು ಮೂರನೆಯದು. ಮೂರಾದರೆ ಮನೆಗೆ, ಶುಕ್ರವಾರ ವಿಚಾರಣೆ. ಸುಮ್ಮನಿದ್ದುದೇಕೆಂದು ಮೇಲ್ವಿಚಾರಕರು ಕೇಳಿದ್ದಕ್ಕೆ, "ಅವರು ಅಳ್ತಾ ಇದ್ರು ಸರ್, ಮಧ್ಯೆ ಬಾಯಿ ಹಾಕೋಕಾಗುತ್ತಾ?" ಎಂದು ಇವರೇ ತಿರುಗಿ ಕೇಳಿದರಂತೆ. ಉತ್ತರ ಸಮರ್ಪಕವಾಗಿಲ್ಲ ಎಂದು ಫೈಲಿನಲ್ಲಿ ಬರೆದಾಗಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಯೇನೆಂದರೆ, ಹೆಂಡತಿ ತೀರಿಕೊಂಡವರು ಕರೆ ಮಾಡುವ ಮುನ್ನವೇ ಒಂದಿಷ್ಟು ಅತ್ತು ಹಗುರಾಗಿ, ಉಳಿದದ್ದನ್ನು ನಾಲ್ಕು ನಿಮಿಷದಲ್ಲಿ ಮುಗಿಸುವಂತೆ ಅವರಿಗೇ ತರಬೇತಿ ಕೊಡಿಸಬೇಕು. ಅದು ಆಗದಿದ್ದರೆ, ಸೋಫಾದ ಮೇಲೆ ಕರುಣೆ ತೋರಿ ನಾನು ಗಳಿಸಿದ ನಕ್ಷತ್ರವನ್ನು ಕಿತ್ತು ದೊಡ್ಡಕ್ಕನ ಹೆಸರಿಗೆ ಹಚ್ಚಬೇಕು. ನನಗದು ಹೇಗೂ ಚುಚ್ಚುತ್ತಿದೆ.

ಹತ್ತಕ್ಕೆ ಹತ್ತರಷ್ಟು ತಮ್ಮ ವಿಶ್ವಾಸಿ,
ಹನ್ನೆರಡನೇ ಕುರ್ಚಿ

ಮರೆತಿದ್ದು: ಆ ಹಿರಿಯರು ನಿನ್ನೆ ಮತ್ತೆ ಕರೆ ಮಾಡಿದ್ದರು, ನನ್ನ ಲೈನಿಗೆ ಬಂತು. "ಅವತ್ತು ಸುಮ್ನೆ ಕೇಳಿಸ್ಕೊಂಡ್ರಲ್ಲ, ಆ ತಾಯಿ ಇದ್ದಾರಾ?" ಎಂದರು. ದೊಡ್ಡಕ್ಕ ವಿಚಾರಣೆ ಮುಗಿಯುವವರೆಗೆ ಫೋನ್ ಮುಟ್ಟುವಂತಿಲ್ಲವಾದ್ದರಿಂದ, ತಾವು ಕಲಿಸಿದಂತೆ ಅವರ ಕಷ್ಟವನ್ನು ಮೂರು ಸಲ ಅರ್ಥ ಮಾಡಿಕೊಂಡು, ಎರಡು ಸಲ ಕ್ಷಮೆ ಕೇಳಿದೆ. ಅವರು ಫೋನ್ ಇಟ್ಟುಬಿಟ್ಟರು. ತಾವು ಹತ್ತಕ್ಕೆ ಹತ್ತು ಕೊಟ್ಟಿರಿ.